ರುಚಿ ನೋಡದೆ ಮಾಡಿದ ಅಡುಗೆ

ಅಂದು ಬೆಳಗಿನಿಂದ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಗಂಡನ ಕುತ್ತಿಗೆಯಲ್ಲಿ ಸಣ್ಣದೊಂದು ಗಂಟು ಕಾಣಿಸಿಕೊಂಡಿತ್ತು. ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರು, ನೋಡಿ ಆಸ್ಪತ್ರೆಗೆ ಕಳಿಸಿದ್ದರು, ಅಲ್ಲಿ ಸೂಜಿ ಚುಚ್ಚಿ ಅದರ ಚೂರನ್ನು ಪರೀಕ್ಷೆಗೆ ತೆಗೆದುಕೊಂಡಿದ್ದರು. ಏನೆಂಬುದನ್ನು ಅವರ ಫೋನಿಗೇ ಕರೆ ಮಾಡಿ ತಿಳಿಸುತ್ತೇವೆ ಎಂದಿದ್ದ ದಿನ ಅದು.

"ಇವತ್ತೊಂದಿನ ಮನ್ಯಾಗ ಇರ್ರಿ," ಎಂದಿದ್ದೆ.

"ಮನ್ಯಾಗ ಕೂತ್ರ ನೀ ನನ್ನ ಮುಖ ನೋಡ್ತಿ, ನಾ ನಿನ್ನ ಮುಖ ನೋಡ್ತೀನಿ. ಆಫೀಸಿನ್ಯಾಗ ಹೊತ್ತು ಹೋಕ್ಕೈತಿ," ಎಂದು ಅವರು ಎಂದಿನಂತೆ ಟ್ರ್ಯಾಮ್, ಮುಂದೆ ರೈಲು ಹಿಡಿದು ಲಂಡನ್ನಿನ ಕ್ಯಾನರಿ ವಾರ್ಫಿನ ಕಡೆ ಹೊರಟುಹೋದರು.

ನನಗೆ ಮನೆಯಿಂದಲೇ ಕೆಲಸ. ಲ್ಯಾಪ್‌ಟಾಪ್ ತೆರೆದೆ, ಮುಚ್ಚಿದೆ. ಫ್ರಿಡ್ಜಿನಲ್ಲಿದ್ದುದನ್ನೆಲ್ಲ ಹೊರಗೆ ತೆಗೆದು ಒರೆಸಿ ಮತ್ತೆ ಅಲ್ಲೇ ಇಟ್ಟೆ. ಮಧ್ಯಾಹ್ನ ಅರ್ಧ ದಿನ ರಜೆ ಹಾಕಿದ ಮೇಲೆ ಇನ್ನೂ ಕಷ್ಟವಾಯಿತು, ಮಾಡುತ್ತಿರುವಂತೆ ನಟಿಸಲೂ ಕೆಲಸವಿಲ್ಲ. ಕಿಟಕಿಯ ಹತ್ತಿರ ಹೋಗಿ ಟ್ರ್ಯಾಮ್ ನೋಡುವುದು, ಬಂದು ಫೋನ್ ನೋಡುವುದು. ನಾನಾಗಿ ಫೋನ್ ಮಾಡಬಾರದು ಎಂದು ಮಾತಾಗಿತ್ತು, ನನ್ನ ಕರೆಯಿಂದ ಆಸ್ಪತ್ರೆಯ ಕರೆ ತಪ್ಪಿಹೋಗಬಾರದಲ್ಲ.

ಕಸದ ಚೀಲ ಅರ್ಧವೂ ತುಂಬಿರಲಿಲ್ಲ. ಅದನ್ನೇ ನೆಪ ಮಾಡಿಕೊಂಡು, ಫೋನನ್ನೂ ಹಿಡಿದುಕೊಂಡು ಕೆಳಗಿಳಿದೆ. ವಾಪಸು ಬರುವಾಗ ನೆಲಮಹಡಿಯ ಫ್ಲ್ಯಾಟಿನ ಬಾಗಿಲು ತೆರೆದಿತ್ತು. ಅಲ್ಲಿ ಇರುವಾಕೆ ಎಪ್ಪತ್ತು ದಾಟಿದ ಹೆಂಗಸು. ಹುಟ್ಟಿ ಬೆಳೆದದ್ದು ಅಮೆರಿಕದ ಟೆಕ್ಸಸ್ಸಿನಲ್ಲಿ, ಮದುವೆಯಾಗಿ ಬಂದದ್ದು ನಾವಿರುವ ಈ ಕ್ರೋಯ್ಡನ್ನಿಗೆ. ಗಂಡ ತೀರಿಕೊಂಡ ಮೇಲೆ ದೊಡ್ಡ ಮನೆ ಮಾರಿ ಈ ಫ್ಲ್ಯಾಟಿಗೆ ಬಂದಿದ್ದರು. ನಾವಿಬ್ಬರೂ ಅವರನ್ನು ಕೆಳಗಿನ ಆಂಟಿ ಎನ್ನುತ್ತಿದ್ದೆವು. ಹಿಂದಿನ ವಾರ ಟ್ರ್ಯಾಮ್ ಸ್ಟಾಪಿನಲ್ಲಿ ಜಾರಿ ಬಿದ್ದು ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಈಗ ಎಡಗೈಯಲ್ಲಿ ಚಾಕು ಹಿಡಿದು, ಹಲಗೆಯ ಮೇಲೆ ಜಾರಿಹೋಗುತ್ತಿದ್ದ ಈರುಳ್ಳಿಯನ್ನು ಪ್ಲಾಸ್ಟರಿನಿಂದ ಅದುಮಿ ಹಿಡಿಯಲು ಹೆಣಗುತ್ತಿದ್ದುದು ಬಾಗಿಲಿನಿಂದಲೇ ಕಂಡಿತು.

"ಇರಿ, ನಾನು ಹೆಚ್ಚಿಕೊಡುತ್ತೇನೆ," ಎಂದು ಒಳಗೆ ಹೋದೆ.

"ಬರೀ ಈರುಳ್ಳಿಯಾದರೆ ಸಾಕು," ಎಂದರು. ಅವರ ಕಣ್ಣು ಒಲೆಯ ಪಕ್ಕದಲ್ಲಿದ್ದ ಪೊಟ್ಟಣದ ಮೇಲೆ ಹೋಗಿ ನನ್ನ ಮುಖಕ್ಕೆ ಬಂತು. ಬೀಫ್ ಕೀಮಾ. ನಾವು ಮೊಟ್ಟೆಯನ್ನೂ ಮುಟ್ಟದವರು ಎಂದು ಅವರಿಗೆ ಗೊತ್ತಿತ್ತು. ದೀಪಾವಳಿಗೆ ನಾನು ಕೊಟ್ಟ ಕರ್ಜಿಕಾಯಿ ತಿಂದು, ವಾಪಸು ಕೊಡುವ ಕೇಕಿನಲ್ಲಿ ಮೊಟ್ಟೆ ಹಾಕದಂತೆ ಎಚ್ಚರ ವಹಿಸಿದವರು.

ಈರುಳ್ಳಿ ಹೆಚ್ಚುತ್ತಿದ್ದಂತೆ ವಿಷಯ ತಿಳಿಯಿತು. ಅವರ ಒಬ್ಬನೇ ಮಗ ಆ ಸಂಜೆ ಬರುವವನಿದ್ದ. ಅಪ್ಪನ ಮನೆ ಮಾರಿದ್ದಕ್ಕೆ ಮುನಿಸಿಕೊಂಡು ಸ್ಕಾಟ್ಲೆಂಡಿಗೆ ಹೋದವನು ಕೆಲವು ವರ್ಷಗಳಿಂದ ಇತ್ತ ತಲೆ ಹಾಕಿರಲಿಲ್ಲ. ಎರಡು ದಿನದ ಹಿಂದೆ ತಾನಾಗಿಯೇ ಫೋನ್ ಮಾಡಿ ಬರುತ್ತೇನೆ ಎಂದಿದ್ದನಂತೆ. ಬೀಫು, ಅಕ್ಕಿ, ಕಪ್ಪು ಬೀನ್ಸು, ಟೊಮೆಟೊ ಎಲ್ಲ ಒಂದೇ ಬಾಣಲೆಯಲ್ಲಿ ಬೇಯಿಸಿ ಮೇಲೆ ಚೀಸ್ ಸುರಿಯುವ ಅಡುಗೆ, ಅವರ ಊರಿನದು. ಅವನು ಚಿಕ್ಕವನಿದ್ದಾಗ ಅಂಚಿಗೆ ಅಂಟಿದ ಚೀಸ್ ಕೆರೆದು ತಿನ್ನುತ್ತಿದ್ದ. ಇವತ್ತು ಅದನ್ನೇ ಮಾಡಬೇಕೆಂಬ ಆಸೆ ಅವರಿಗೆ.

"ಆ ಬಾಣಲೆ ಒಂದು ಕೈಗೆ ಏಳುವುದಿಲ್ಲ," ಎಂದರು. ಸ್ವಲ್ಪ ತಡೆದು, "ಹೊರಗಿನಿಂದ ತರಿಸುತ್ತೇನೆ ಬಿಡು. ಅವನೇನು ಮಗುವೇ," ಎಂದರು.

ನಾನು ಯೋಚಿಸಿ ತೀರ್ಮಾನ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಮೇಲೆ ಹೋದರೆ ಮತ್ತೆ ಅದೇ ಕಿಟಕಿ, ಅದೇ ಟ್ರ್ಯಾಮು. "ಹೇಗೆ ಮಾಡಬೇಕು ಹೇಳಿ, ಮಾಡುತ್ತೇನೆ," ಎಂದೆ.

"ಖಂಡಿತಾನಾ?"

"ಬೇಗ ಹೇಳಿ," ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಅವರು ಮತ್ತೆ ಕೇಳಲಿಲ್ಲ.

ಎಣ್ಣೆ ಕಾಯಿತು. ಪೊಟ್ಟಣದ ಪ್ಲಾಸ್ಟಿಕ್ ಸೀಳಿ ಬಾಣಲೆಯ ಮೇಲೆ ಬೋರಲು ಹಾಕಿದೆ. ಕೆಂಪು ಮುದ್ದೆ ಒಂದೇ ತುಂಡಾಗಿ ಬಿತ್ತು. ಚುರ್ ಎಂದು ಸದ್ದಾಗಿ ಹಬೆ ಮುಖಕ್ಕೆ ಬಂದಾಗ ಉಸಿರು ಬಿಗಿಹಿಡಿದೆ. ಎಷ್ಟು ಹೊತ್ತು ಹಿಡಿಯಲಾದೀತು? ಬಿಡಲೇಬೇಕಾಯಿತು. ಮರದ ಸೌಟಿನಿಂದ ಒಡೆಯುತ್ತ ಹೋಗು ಎಂದರು, ಒಡೆದೆ. ಕೆಂಪು ಹೋಗಿ ಬೂದು ಬಂತು, ಬೂದು ಹೋಗಿ ಕಂದು ಬಂತು. ಕೈ ನಿಲ್ಲಲಿಲ್ಲ. ಬೆಳಗಿನಿಂದ ಮೊದಲ ಸಲ ಆ ಕೈಗೆ ನಿಜವಾದ ಕೆಲಸ ಸಿಕ್ಕಿತ್ತು.

ಈರುಳ್ಳಿ, ಬೆಳ್ಳುಳ್ಳಿ, ಡೊಣ್ಣಮೆಣಸಿನಕಾಯಿ ಹಾಕಿದೆ. ಆಮೇಲೆ ಅವರು ಎಡಗೈಯಿಂದ ಎರಡು ಡಬ್ಬಿ ಮುಂದಕ್ಕೆ ತಳ್ಳಿದರು. ಒಂದರಲ್ಲಿ ಖಾರದ ಪುಡಿ, ಇನ್ನೊಂದರಲ್ಲಿ ಜೀರಿಗೆ ಪುಡಿ. ಜೀರಿಗೆ ಬಿದ್ದೊಡನೆ ಎದ್ದ ವಾಸನೆ ನನ್ನ ಸ್ವಂತ ಅಡುಗೆಮನೆಯದು. ಧಾರವಾಡದ ನಮ್ಮ ಮನೆಯಲ್ಲಿ, ಇಲ್ಲಿ ಮೇಲಿನ ಮಹಡಿಯಲ್ಲಿ, ದಿನವೂ ನನ್ನ ಬಟ್ಟೆಗೆ ಹತ್ತುವ ವಾಸನೆ. ಬೇರೆಯಾಗಿರಬೇಕಾದುದು ಬೇರೆಯಾಗಿಯೇ ಇದ್ದಿದ್ದರೆ ಸುಲಭವಾಗುತ್ತಿತ್ತೋ ಏನೋ. ಈಗ ಎರಡೂ ಒಂದೇ ಬಾಣಲೆಯಿಂದ ಏಳುತ್ತಿದ್ದವು, ನಾನು ಅದರ ಮುಂದೆ ನಿಂತಿದ್ದೆ.

ಅಕ್ಕಿ ತೊಳೆಯಲು ನಲ್ಲಿಯ ಕಡೆ ಹೊರಟಾಗ, "ಇದಕ್ಕೆ ತೊಳೆಯುವುದಿಲ್ಲ," ಎಂದರು ಆಂಟಿ.

"ತೊಳೆಯದೆ ನನಗೆ ಆಗುವುದಿಲ್ಲ," ಎಂದೆ. ನಕ್ಕು ಸುಮ್ಮನಾದರು. ನೀರು ತಿಳಿಯಾಗುವವರೆಗೂ ತೊಳೆದು ಹಾಕಿ, ಡಬ್ಬಿಯ ಟೊಮೆಟೊ, ಬೀನ್ಸು, ಬಿಸಿನೀರು ಸುರಿದೆ.

ಉಪ್ಪು ಹಾಕುವಾಗ ಅವರು, "ನೀನು ರುಚಿ ನೋಡುವ ಹಾಗಿಲ್ಲ, ಅಲ್ಲವೇ?" ಎಂದರು.

"ಅಂದಾಜು ಗೊತ್ತು," ಎಂದೆ. ನಮ್ಮಲ್ಲಿ ದೇವರಿಗೆ ಎಡೆ ಹಿಡಿಯುವ ಅಡುಗೆಯನ್ನೂ ರುಚಿ ನೋಡದೆಯೇ ಮಾಡುತ್ತೇವೆ. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ, ಯಾವುದನ್ನೂ ಮೊದಲು ನಾಲಿಗೆಗೆ ಇಡುವಂತಿಲ್ಲ. ಆ ಮಾತು ಬಾಯಿಗೆ ಬಂದಿತ್ತು, ಹೇಳಲಿಲ್ಲ. ಈ ಒಲೆಯ ಮುಂದೆ ನಿಂತು ಅದನ್ನು ನೆನೆದದ್ದಕ್ಕೇ ಮೈ ಒಂಥರಾ ಆಯಿತು.

ಮುಚ್ಚಳ ಮುಚ್ಚಿ ಉರಿ ಸಣ್ಣಗೆ ಮಾಡಿದ ಮೇಲೆ ಕಾಯುವುದೊಂದೇ ಉಳಿಯಿತು. ನನಗೆ ಆಗದಿದ್ದುದೇ ಅದು. ಮುಚ್ಚಳ ಎತ್ತಿ ನೋಡಿದೆ. ಮತ್ತೆ ಎತ್ತಿದೆ.

"ಹಬೆ ಹೋದರೆ ಅಕ್ಕಿ ಬೇಯುವುದಿಲ್ಲ," ಎಂದರು ಅವರು. ಮೂರನೆಯ ಸಲ ಎತ್ತಿದಾಗ, ಎಡಗೈಯನ್ನು ನನ್ನ ಕೈಯ ಮೇಲಿಟ್ಟು, "ಏನಾಗಿದೆ ನಿನಗೆ?" ಎಂದರು.

ಹೇಳಿದೆ. ಅವರ ಮುಖ ಬಾಡಿತು. "ಇಂಥ ದಿನ ನಿನ್ನಿಂದ ಅಡುಗೆ ಮಾಡಿಸಿದೆನಲ್ಲ."

ಉತ್ತರ ಕೊಡುವಷ್ಟರಲ್ಲಿ ಕಿಟಕಿಯ ಕಟ್ಟೆಯ ಮೇಲಿದ್ದ ನನ್ನ ಫೋನು ನಡುಗತೊಡಗಿತು. ನನ್ನ ಕೈಯೆಲ್ಲ ಜಿಡ್ಡು. ಆಂಟಿಯೇ ಎಡ ಹೆಬ್ಬೆರಳಿನಿಂದ ಒತ್ತಿ ಸ್ಪೀಕರಿಗೆ ಹಾಕಿದರು.

"ಎಲ್ಲಿ ಅದೀ?" ಗಂಡನ ದನಿ. ಹಿಂದೆ ರೈಲಿನ ಸದ್ದು.

"ಕೆಳಗಿನ ಆಂಟಿ ಮನ್ಯಾಗ. ಹೇಳ್ರಿ."

"ಏನ್ ಮಾಡಾಕತ್ತೀ?"

"ಅನ್ನಕ್ಕ ಇಟ್ಟೀನಿ. ನೀವು ಮೊದಲ ಹೇಳ್ರಿ."

"ಫೋನ್ ಬಂದಿತ್ತು. ಅದಽ ಅಂತ. ಕ್ಯಾನ್ಸರ್." ನಾನು ಫೋನಿನ ಹತ್ತಿರಕ್ಕೆ ಬಗ್ಗಿದೆ. "ಕೇಳ್ಸಾಕತ್ತೈತೇನು? ಥೈರಾಯ್ಡಿಂದು. ಸಣ್ಣದೈತಂತ, ಬ್ಯಾರೆ ಕಡೆ ಹೋಗಿರಾಕಿಲ್ಲ ಅಂತಾರ. ಆಪರೇಶನ್ ಮಾಡಿ ತಗದ್ರ ಆತಂತ. ಅಳಬ್ಯಾಡ. ನಾ ಬರಾಕತ್ತೀನಿ," ಎನ್ನುವಷ್ಟರಲ್ಲಿ ರೈಲು ಎಲ್ಲಿಗೆ ಹೊಕ್ಕಿತೋ, ಕರೆ ಕಡಿದುಹೋಯಿತು.

ಆಂಟಿಗೆ ನಮ್ಮ ಮಾತಿನಲ್ಲಿ ಒಂದೇ ಒಂದು ಶಬ್ದ ತಿಳಿದಿರಬೇಕು. ಅದು ಸಾಕಾಗಿತ್ತು. "ಹೋಗು," ಎಂದರು, "ಇದನ್ನೆಲ್ಲ ಬಿಟ್ಟು ಹೋಗು."

ಎಲ್ಲಿಗೆ ಹೋಗಲಿ? ಗಂಡ ಮನೆ ಮುಟ್ಟಲು ಇನ್ನೂ ಮುಕ್ಕಾಲು ಗಂಟೆಯಾದರೂ ಬೇಕಿತ್ತು. ಮುಚ್ಚಳ ತೆಗೆದು ಒಂದು ಅಗುಳು ಹಿಸುಕಿ ನೋಡಿದೆ, ನಡುವೆ ಇನ್ನೂ ಗಟ್ಟಿ. ಎಲ್ಲ ನಾನು ಮುಚ್ಚಳ ಎತ್ತಿದ್ದರ ಫಲ. ಬಿಸಿನೀರು ಚಿಮುಕಿಸಿ ಮತ್ತೆ ಮುಚ್ಚಿ, ಚೀಸ್ ತುರಿಯತೊಡಗಿದೆ. ಕಣ್ಣೀರು ಇಳಿಯುತ್ತಿತ್ತು. ಕೈ ಜಿಡ್ಡೆಂದು ತೋಳಿನಿಂದ ಒರೆಸಿಕೊಳ್ಳುತ್ತ, ತುರಿಯುತ್ತಲೇ ಇದ್ದೆ. ಬೇಕಾದ್ದಕ್ಕಿಂತ ಹೆಚ್ಚೇ ತುರಿದಿದ್ದೆ. ಆಂಟಿ ಪಕ್ಕದಲ್ಲಿ ನಿಂತಿದ್ದರು, ಪ್ಲಾಸ್ಟರಿನ ಕೈ ನನ್ನ ಬೆನ್ನಿಗೆ ತಾಗಿಸಿಕೊಂಡು. ಭಾರವಾದ ಕೈ ಅದು.

ಅದೇ ಹೊತ್ತಿಗೆ ಮಗ ಬಂದ. ಎತ್ತರದ ಆಳು, ಕೆಂಚು ಗಡ್ಡ, ಹೆಗಲಲ್ಲಿ ಚೀಲ. ತಾಯಿಯ ಅಡುಗೆಮನೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಅಳುತ್ತ ಚೀಸ್ ತುರಿಯುತ್ತಿರುವುದನ್ನು ನೋಡಿ ಬಾಗಿಲಲ್ಲೇ ನಿಂತ. ಆಮೇಲೆ ತಾಯಿಯ ಕೈ ಕಾಣಿಸಿತು.

"ಇದನ್ನು ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ಕೈ ನೋಡಲು ಬರುತ್ತಿದ್ದೆ," ಎಂದರು ಅವರು. "ನೀನಾಗಿ ಬರಲಿ ಅಂತ."

ಅವನು ಚೀಲ ಕೆಳಗಿಟ್ಟ. ನನ್ನ ಕೈಯಿಂದ ತುರಿಯುವ ಮಣೆ ತೆಗೆದುಕೊಂಡು ಉಳಿದ ಚೀಸನ್ನು ತಾನೇ ತುರಿದ. ಬಾಣಲೆಯ ಮೇಲೆ ಹರಡಿ ಮುಚ್ಚಿ, ತೆಗೆದಾಗ ಅದು ಕರಗಿ ಹಳದಿ ಪದರವಾಗಿ ಕುಳಿತಿತ್ತು, ಅಂಚಿನಲ್ಲಿ ಗುಳ್ಳೆ ಏಳುತ್ತಿತ್ತು. ಅವನು ನಿಂತಲ್ಲೇ ಚಮಚದಲ್ಲಿ ತೆಗೆದು ತಿಂದ. ನಾನು ಅವನ ಮುಖ ನೋಡುತ್ತಿದ್ದೆ.

"ಅಮ್ಮ ಮಾಡಿದ ಹಾಗಿಲ್ಲ," ಎಂದ. "ಅನ್ನ ಬಿಡಿಬಿಡಿಯಾಗಿದೆ. ಉಪ್ಪು ಒಂದು ಚೂರು ಬೇಕು." ಇನ್ನೊಂದು ಚಮಚ ತೆಗೆದುಕೊಂಡ. ತಾಯಿ ಕುರ್ಚಿ ಎಳೆದು ಅವನ ಎದುರಿಗೆ ಕುಳಿತು, ಎಡಗೈಯಲ್ಲಿ ತಾನೂ ತಿನ್ನತೊಡಗಿದರು. ಮಾರಿದ ಮನೆಯ ಮಾತು ಇಬ್ಬರೂ ಎತ್ತಲಿಲ್ಲ.

ನಾನು ಸೋಪು ಹಚ್ಚಿ ಕೈ ತೊಳೆಯುತ್ತಿದ್ದಾಗ ನನ್ನ ಗಂಡ ಬಂದರು. ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು. ಅವರನ್ನು ಕಾರಿಡಾರಿಗೆ ಕರೆದೊಯ್ದು ನಾನು ಮೊದಲು ಹೇಳಿದ ಮಾತು ಇದೇ: "ಬೀಫ್ ಅಡಗಿ ಮಾಡೇನ್ರಿ. ನಾನಽ, ಕೈಯಾರೆ."

ಅವರು ಒಂದು ಕ್ಷಣ ನೋಡಿದರು. "ಯಾಕ?"

"ಕುಂದ್ರಾಕ ಆಗ್ಲಿಲ್ಲ."

"ಹೂಂ," ಎಂದರು. "ನಾನೂ ಆಫೀಸಿನ್ಯಾಗ ಬರೇ ಮೆಟ್ಟಲಾ ಹತ್ತಿ ಇಳದೇನಿ." ನನ್ನ ಒದ್ದೆ ಕೈ ಹಿಡಿದುಕೊಂಡರು. ಇಬ್ಬರೂ ಮೆಟ್ಟಿಲು ಹತ್ತಿ ಮೇಲೆ ಹೋದೆವು. ನಾನು ತಲೆಗೆ ನೀರು ಹಾಕಿಕೊಂಡು ಬಂದು ಉಪ್ಪಿಟ್ಟು ಮಾಡಿದೆ. ಅವರು ಎರಡು ಸಲ ಹಾಕಿಸಿಕೊಂಡು ತಿಂದರು. ನನಗೆ ಒಂದು ತುತ್ತೂ ಇಳಿಯಲಿಲ್ಲ.

ಆಪರೇಶನ್ ಮುಂದಿನ ತಿಂಗಳಾಯಿತು. ಆ ಬೆಳಿಗ್ಗೆ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದದ್ದು ಆಂಟಿಯ ಮಗ. ತಾಯಿಯ ಕೈ ಸರಿಹೋಗುವವರೆಗೆ ಎಂದು ಉಳಿದವನು ಇನ್ನೂ ಹೋಗಿರಲಿಲ್ಲ. ನನ್ನ ಜೊತೆ ಅವನೂ ಕಾದ. ನಾನು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಅವನು ಎರಡು ಲೋಟ ಚಹಾ ಹಿಡಿದುಕೊಂಡು, ಕೂರು ಎನ್ನದೆ, ಪಕ್ಕದಲ್ಲೇ ನಡೆದ. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಬಂದು ಎಲ್ಲ ಸರಿಯಾಗಿ ತೆಗೆದಿದ್ದೇವೆ, ಬೇರೆಲ್ಲೂ ಹರಡಿದಂತೆ ಕಾಣುತ್ತಿಲ್ಲ ಎಂದರು.

ಹೊರಗೆ ಬಂದು ಧಾರವಾಡಕ್ಕೆ ಫೋನ್ ಮಾಡಿದೆ. ಗಾಬರಿಯಾದಾರೆಂದು ಅತ್ತೆಗೆ ಅಲ್ಲಿಯವರೆಗೆ ಏನೂ ಹೇಳಿರಲಿಲ್ಲ. ಗಂಟು ಕಾಣಿಸಿದಲ್ಲಿಂದ ಮೊದಲುಮಾಡಿ, ಆಂಟಿಯ ಮನೆಯ ಅಡುಗೆಯನ್ನೂ ಬಿಡದೆ, ಎಲ್ಲ ಹೇಳಿದೆ. ಅವರು ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ.

"ಎಚ್ಚರ ಆಗೈತೇನು ಅವಂಗ?" ಎಂದರು ಕೊನೆಗೆ.

"ಈಗ ಆಗಾಕತ್ತೈತಂತ ಅತ್ತಿ."

"ಮತ್ತ ನೀ ಹೊರಗ ನಿಂತು ನನ್ನ ಕೂಡ ಏನ್ ಮಾತಾಡ್ತಿ? ಹೋಗು, ಅವನ ಬಾಜೂಕ ಕೂಡು."

ಒಳಗೆ ಹೋಗಿ ಕೂತೆ.