ಅಳಿಯಂದಿರ ಬಚ್ಚಲ ಹಾದಿ

ಆಗೆಲ್ಲ ಶಂಕರಪುರದ ಮನೆಗಳಿಗೆ ಹಿತ್ತಲು ಎಂಬುದೊಂದು ಇರುತ್ತಿತ್ತು. ಮುಂದಿನ ಬಾಗಿಲು ಬಂದವರಿಗೆ, ಹಿಂದಿನ ಬಾಗಿಲು ಮನೆಯವರಿಗೆ. ನಮ್ಮದೇನೂ ದೊಡ್ಡ ಹಿತ್ತಲಲ್ಲ. ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವು, ಒಂದು ನಿಂಬೆ, ಮೂಲೆಯಲ್ಲಿ ಹಂಡೆ ಹೂತ ಬಚ್ಚಲುಮನೆ. ಅಡುಗೆಮನೆಯ ಬಾಗಿಲಿಗೂ ಬಚ್ಚಲಿಗೂ ನಡುವೆ ಪಾರಿಜಾತದ ಮರ. ಸ್ನಾನಕ್ಕೆ ಹೋಗುವವರೆಲ್ಲ ಅದರ ಕೆಳಗೇ ಹಾದುಹೋಗಬೇಕಿತ್ತು. ಇದನ್ನು ಓದುತ್ತಿರುವ ಹಲವರ ಮನೆಯಲ್ಲೂ ಹೀಗೇ ಇದ್ದಿರಬಹುದು. ಹಾಗಿದ್ದರೆ ಮುಂದೆ ಹೇಳುವುದೂ ನಿಮಗೆ ಹೊಸದಾಗಿರಲಾರದು.

ನಾನು ಹೆಚ್ಚು ಮಾತಾಡುವ ಹುಡುಗಿಯಲ್ಲ. ಶಾಲೆಯಿಂದ ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂತರೆ ದೀಪ ಹಚ್ಚುವವರೆಗೆ ಅಲ್ಲೇ. ಗಣೇಶನ ಹಬ್ಬದ ಹೊತ್ತಿಗೆ ಎಲ್ಲೆಲ್ಲೂ ಗರಿಕೆ, ಒಗೆಯುವ ಕಲ್ಲಿನ ಬುಡದಲ್ಲಿ ಬಸವನಹುಳುಗಳು ಎಳೆದ ಬೆಳ್ಳಿಗೆರೆ. ಭಾದ್ರಪದ ಕಳೆಯುತ್ತಿದ್ದಂತೆ ಬಿಸಿಲು ತೊಳೆದಿಟ್ಟ ಹಾಗಾಗುತ್ತಿತ್ತು. ಸಂಜೆ ಏರೋಪ್ಲೇನ್ ಚಿಟ್ಟೆಗಳು ತಲೆಯ ಮಟ್ಟದಲ್ಲೇ ಹಾರಾಡುತ್ತಿದ್ದವು. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳವೊಂದು ಇರುತ್ತಿತ್ತು. ಕೆಲವು ದಿನ ಕಳೆದರೆ ಅದೇ ಹುಳ ಎಲೆಯಷ್ಟೇ ಹಸಿರು, ಆಮೇಲೆ ಒಂದು ದಿನ ಕಪ್ಪು ಚಿಟ್ಟೆ. ನವರಾತ್ರಿ ಹತ್ತಿರ ಬಂತೆಂದರೆ ಪಾರಿಜಾತದ ಸರದಿ. ನೆಲಕ್ಕೆ ಬಿದ್ದರೂ ದೇವರಿಗೆ ಸಲ್ಲುವ ಹೂ ಅದು. ಅಜ್ಜಿ ಮರದ ಕೆಳಗೆ ಹಳೇ ಪಂಚೆ ಹಾಸುತ್ತಿದ್ದಳು. ಬೆಳಿಗ್ಗೆ ಹಂಡೆಯ ಒಲೆಯಲ್ಲಿ ಉರಿಯುವ ತೆಂಗಿನ ಸಿಪ್ಪೆಯ ಹೊಗೆ, ಅದರೊಳಗೆ ಆ ಹೂವಿನ ವಾಸನೆ. ಬೇರೆ ಯಾವ ತಿಂಗಳಿಗೂ ಆ ವಾಸನೆ ಇರಲಿಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ, ಅಪ್ಪನ ತಂಗಿ ಸುಧತ್ತೆಯ ಮದುವೆ ಬೇಸಿಗೆಯಲ್ಲಿ ಆಗಿತ್ತು. ಅದೇ ವರ್ಷ, ಪಿತೃಪಕ್ಷದ ಕೊನೆಯಲ್ಲಿ, ಪಾರಿಜಾತದ ತಗ್ಗುಕೊಂಬೆಯ ತುದಿಯಲ್ಲಿ ಸೂರಕ್ಕಿಯೊಂದು ಗೂಡು ಕಟ್ಟತೊಡಗಿತು. ಹೆಬ್ಬೆರಳಿಗಿಂತ ಸ್ವಲ್ಪವೇ ದೊಡ್ಡ ಹಕ್ಕಿ. ಜೇಡರ ಬಲೆ, ನಾರು, ಒಣಗಿದ ತೊಗಟೆ, ಹರಿದ ಪೇಪರಿನ ಚೂರು ತಂದು ಚೀಲದಂಥ ಗೂಡನ್ನು ನೇತುಹಾಕಿತು. ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೊಂದು ಪುಟ್ಟ ಸೂರು. ಒಳಗಿನ ಹಾಸಿಗೆಗೆ ಅದು ಹತ್ತಿ ಕದ್ದದ್ದು ಅಜ್ಜಿಯಿಂದ. ಹಬ್ಬಕ್ಕೆ ಗೆಜ್ಜೆವಸ್ತ್ರ ಮಾಡಲು ಅಜ್ಜಿ ಮೆಟ್ಟಿಲ ಮೇಲೆ ಹತ್ತಿ ಬಿಡಿಸುತ್ತ ಕೂತಿದ್ದಾಗ ಅದು ಬಂದು ತಟ್ಟೆಯ ಅಂಚಿನಿಂದ ಎಳೆದುಕೊಂಡು ಹೋಯಿತು.

"ಅಜ್ಜಿ, ದೇವರ ಹತ್ತಿ!"

"ತಗೊಳ್ಳಲಿ ಬಿಡೇ ಪುಟ್ಟಿ. ಅವಳಿಗೂ ಬಾಣಂತನ ಇದೆಯಲ್ಲ."

ನವರಾತ್ರಿ ಪೂರ್ತಿ ಎಲ್ಲರೂ ಮನೆಯೊಳಗೆ ಬೊಂಬೆ ನೋಡಿದರು. ನಾನು ಹೊರಗೆ ಗೂಡು ನೋಡಿದೆ. ಬಾಗಿಲಿನಿಂದ ಕೊಕ್ಕಿನ ತುದಿ ಮಾತ್ರ ಕಾಣುತ್ತಿತ್ತು. ವಿಜಯದಶಮಿ ಕಳೆದು ಕೆಲವು ದಿನಗಳ ಮೇಲೆ ಒಳಗಿಂದ ಸಣ್ಣ ಚೀರು ಕೇಳಿಸಿತು. ಗಂಡುಹಕ್ಕಿಯೂ ಹುಳ ತರತೊಡಗಿತು.

ಆಗಲೇ ಮನೆಯ ಯಜಮಾನರಾಗಿದ್ದ ದೊಡ್ಡಪ್ಪನಿಗೆ ದೀಪಾವಳಿಯ ಚಿಂತೆ ಹತ್ತಿತು. ಸುಧತ್ತೆಯ ಗಂಡ ಅಳಿಯಂದಿರಾಗಿ ಬರುವ ಮೊದಲ ದೀಪಾವಳಿ. ಎಣ್ಣೆಶಾಸ್ತ್ರ ಮಾಡಿಸಿಕೊಂಡು ಅವರು ಬಚ್ಚಲಿಗೆ ಹೋಗಬೇಕಾದರೆ ಹಿತ್ತಲು ದಾಟಬೇಕು.

"ಎಣ್ಣೆ ಹಚ್ಕೊಂಡ ಮೈಮೇಲೆ ಕಂಬಳಿಹುಳ ಬಿದ್ರೆ ಏನ್ ಗತಿ? ಬೀಗರ ಮನೇಲಿ ವರ್ಷಪೂರ್ತಿ ಆಡ್ಕೋತಾರೆ," ಎಂದರು ದೊಡ್ಡಪ್ಪ. "ಮರ ತೆಗೆಸಿ ಪೂರ್ತಿ ಗಾರೆ ಹಾಕಿಸಿಬಿಡೋಣ. ಕ್ಲೀನಾಗಿರತ್ತೆ."

ನಾನು ಅಜ್ಜಿಯ ಮುಖ ನೋಡಿದೆ. ಬಾಣಂತನ ಎಂದವಳು ಅವಳೇ.

"ಅಳಿಯಂದಿರು ಕೆಸರು ತುಳ್ಕೊಂಡು ಹೋಗಕ್ಕಾಗತ್ತಾ?" ಎಂದಳು ಅಜ್ಜಿ. ಅಪ್ಪ ಪೇಪರ್ ಓದುತ್ತಿದ್ದರು. ಓದುತ್ತಲೇ ಇದ್ದರು.

"ಮರೀಗೆ ಇನ್ನೂ ರೆಕ್ಕೆ ಬಂದಿಲ್ಲ ದೊಡ್ಡಪ್ಪ. ಹಬ್ಬ ಆದ್ಮೇಲೆ ಕಡಿಸಿ," ಎಂದೆ. ಅಷ್ಟು ದೊಡ್ಡ ಮಾತು ಅವರೊಡನೆ ನಾನು ಆಡಿದ್ದು ಅದೇ ಮೊದಲು.

"ಹಬ್ಬ ಆದ್ಮೇಲೆ ಗಾರೆ ಹಾಕ್ಸಿದ್ರೆ ಯಾರಿಗೇ? ನಿನಗಾ?" ನಕ್ಕರು. ಆಮೇಲೆ ನನ್ನ ಮುಖ ನೋಡಿ, "ಆಯ್ತಮ್ಮ ತಾಯಿ. ನಿನ್ನ ಗೂಡು ಮುಟ್ಟಲ್ಲ. ಸರೀನಾ?" ಎಂದರು.

ನಂಬಿ ಶಾಲೆಗೆ ಹೋದೆ. ಸಂಜೆ ಬಂದಾಗ ಹಿತ್ತಲ ಬಾಗಿಲಲ್ಲಿ ಬೆಳಕು ಜಾಸ್ತಿಯಿತ್ತು. ಮರ ಇರಲಿಲ್ಲ. ಕರಿಬೇವು, ನಿಂಬೆಯೂ ಇರಲಿಲ್ಲ. ಗಾರೆ ಕೆಲಸದವರು ಜಲ್ಲಿ ಹರಡುತ್ತಿದ್ದರು. ಬಟ್ಟೆ ಒಣಹಾಕುವ ಕಂಬಿಗೆ ಒಂದೇ ಒಂದು ಕೊಂಬೆಯನ್ನು ಸೆಣಬಿನ ದಾರದಿಂದ ಕಟ್ಟಿ ನಿಲ್ಲಿಸಿದ್ದರು. ಅದರ ತುದಿಯಲ್ಲಿ ಗೂಡು.

"ನೋಡು," ಎಂದರು ದೊಡ್ಡಪ್ಪ, "ನಾನೇ ನಿಂತು ಕಟ್ಟಿಸಿದ್ದು. ಒಂದು ನಾರೂ ಅಲುಗಿಲ್ಲ. ಮಾತು ಅಂದ್ರೆ ಮಾತು."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜಕ್ಕೂ ಹೆಮ್ಮೆಯಾಗಿತ್ತು. ನನ್ನ ಸಿಟ್ಟು ಇವತ್ತಿಗೂ ಆರದಿರುವುದು ಅದಕ್ಕೇ.

ತಾಯಿಹಕ್ಕಿ ಬಂತು. ಕೊಕ್ಕಿನಲ್ಲಿ ಹುಳ ಇತ್ತು. ಅದು ಕಂಬಿಯ ಕಡೆ ತಿರುಗಲೇ ಇಲ್ಲ. ಗೂಡು ಮೊದಲು ಇದ್ದ ಜಾಗಕ್ಕೆ, ಅಂದರೆ ಬರೀ ಗಾಳಿಗೆ, ನೇರ ಹಾರಿಬಂದು ರೆಕ್ಕೆ ಬಡಿಯುತ್ತ ನಿಂತಿತು. ಹಿಂದೆ ಹೋಯಿತು. ಮತ್ತೆ ಬಂದು ಅದೇ ಗಾಳಿಯಲ್ಲಿ ನಿಂತಿತು. ಕೆಲವೇ ಹೆಜ್ಜೆ ಆಚೆ, ಎಲೆ ಬಾಡಿದ ಕೊಂಬೆಯಲ್ಲಿ ಮರಿಗಳು ಕೂಗುತ್ತಿದ್ದವು.

"ಅಭ್ಯಾಸ ಆಗತ್ತೆ ಬಿಡು," ಎಂದರು ದೊಡ್ಡಪ್ಪ.

ಅಭ್ಯಾಸ ಆಗಲಿಲ್ಲ. ಮಾರನೆಯ ದಿನ ಬಿಸಿಲು ನೇರ ಗೂಡಿನ ಮೇಲೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಕೂಗು ಸಣ್ಣದಾಯಿತು, ಸಂಜೆಗೆ ನಿಂತಿತು. ಹಬ್ಬದ ಮನೆಯಲ್ಲಿ ಸತ್ತದ್ದು ಇರಬಾರದೆಂದು ಅಮ್ಮ ಕೊಂಬೆ ಬಿಚ್ಚಿ ಬೀದಿಯ ಕಸದ ತೊಟ್ಟಿಗೆ ಹಾಕಿಸಿದಳು. ಒಳಗೆ ಎಷ್ಟು ಮರಿ ಇದ್ದವೆಂದು ನನಗೆ ಕೊನೆಗೂ ಗೊತ್ತಾಗಲಿಲ್ಲ.

"ಅತ್ತಿದ್ದು ಸಾಕು. ಮರ ಇನ್ನೊಂದು ನೆಟ್ಟರಾಯ್ತು," ಎಂದಳು ಅಜ್ಜಿ.

"ಎಲ್ಲಿ ನೆಡ್ತೀಯ ಅಜ್ಜಿ?"

ಅಜ್ಜಿ ಹಿತ್ತಲ ಕಡೆ ನೋಡಿದಳು. ಗೋಡೆಯಿಂದ ಗೋಡೆಗೆ ಗಾರೆ. ಒಂದು ಗರಿಕೆ ಏಳಲೂ ಸಂದಿ ಇರಲಿಲ್ಲ. ಅವಳು ಎದ್ದು ಒಳಗೆ ಹೋದಳು.

ನರಕ ಚತುರ್ದಶಿಯ ಬೆಳಿಗ್ಗೆ ಸುಧತ್ತೆಯ ಗಂಡ, ಅಂದರೆ ಮಾವನನ್ನು ಮಣೆಯ ಮೇಲೆ ಕೂರಿಸಿದರು. ಆರತಿ ಎತ್ತಬೇಕಾದವಳು ನಾನು, ಮನೆಗೆ ಒಬ್ಬಳೇ ಹೆಣ್ಣುಮಗು. ಅಮ್ಮ ತಟ್ಟೆ ಕೊಟ್ಟಳು. ನಾನು ಕೈ ಚಾಚಲಿಲ್ಲ.

"ಎತ್ತೇ," ಎಂದು ಅಮ್ಮ ತೋಳು ಚಿವುಟಿದಳು. "ಅಳಿಯಂದಿರ ಮುಂದೆ ಮಾನ ತೆಗೀಬೇಡ."

"ಎತ್ತಲ್ಲ."

"ನಾಚಿಕೆ ಅವಳಿಗೆ," ಎಂದು ದೊಡ್ಡಪ್ಪ ಬೀಗರ ಕಡೆಯವರಿಗೆ ಹೇಳಿ ನಕ್ಕರು. ಎಲ್ಲರೂ ನಕ್ಕರು. ಅಮ್ಮನೇ ಆರತಿ ಎತ್ತಿದಳು. ಮಾವ ಮೈತುಂಬ ಎಣ್ಣೆ ಹಚ್ಚಿಸಿಕೊಂಡು ಬಚ್ಚಲಿಗೆ ಹೊರಟರು. ಅವರಿಗೆಂದೇ ದೊಡ್ಡಪ್ಪ ಗಾಂಧಿಬಜಾರಿನಿಂದ ಹೊಸ ಹವಾಯಿ ಚಪ್ಪಲಿ ತಂದು ಬಾಗಿಲಲ್ಲಿ ಇಟ್ಟಿದ್ದರು. ಹೊಸ ಗಾರೆಯ ಮೇಲೆ ಮಾವ ಆ ಚಪ್ಪಲಿ ಮೆಟ್ಟಿಕೊಂಡೇ ನಡೆದರು. ಕೆಳಗೆ ನೋಡಲಿಲ್ಲ, ಮೇಲೆಯೂ ನೋಡಲಿಲ್ಲ. ಅಷ್ಟು ದೂರಕ್ಕೆ ಬರೀ ಚಪ್ಪಲಿಯೇ ಸಾಕಾಗುತ್ತಿತ್ತು ಎಂದು ಆ ಮನೆಯಲ್ಲಿ ಯಾರೂ ಹೇಳಲಿಲ್ಲ.

ಮಾರನೆಯ ವರ್ಷ ಸುಧತ್ತೆ, ಮಾವ ದೀಪಾವಳಿಗೆ ಬರಲಿಲ್ಲ; ಅವರ ಮನೆಯಲ್ಲೇ ಹಬ್ಬ ಇತ್ತು. ಆಮೇಲೆ ನಡುಮನೆಯ ಪಕ್ಕದಲ್ಲೇ ಗೀಸರಿನ ಬಾತ್‌ರೂಮು ಬಂತು, ಹಿತ್ತಲ ಬಚ್ಚಲನ್ನು ಕೆಡವಿದರು. ಈಗ ಅಲ್ಲಿ ಕಾರು ನಿಲ್ಲುತ್ತದೆ. ನಮ್ಮ ಸಾಲಿನ ಅಷ್ಟೂ ಮನೆಗಳ ಹಿಂದೆ ಈಗ ಕಾರೋ ಸಂಪೋ ಬಾಡಿಗೆ ಮನೆಯ ಮೆಟ್ಟಿಲೋ ಇದೆ. ಆಶ್ವಯುಜ ಬಂತೆಂದು ನನಗೆ ಗೊತ್ತಾಗುವುದು ಬಟ್ಟೆ ಅಂಗಡಿಯ ರಿಯಾಯಿತಿ ಬೋರ್ಡಿನಿಂದ.

ಹೋದ ನವರಾತ್ರಿಯಲ್ಲಿ ನಮ್ಮ ಫ್ಯಾಮಿಲಿ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪ ಪಾರಿಜಾತದ ಚಿತ್ರವೊಂದನ್ನು ಹಾಕಿದರು. ಎಲ್ಲಿಂದಲೋ ಇಳಿಸಿಕೊಂಡ ಚಿತ್ರ. ಕೆಳಗೆ, "ಶಂಕರಪುರದ ನಮ್ಮ ಹಿತ್ತಲು ನೆನಪಾಯಿತು. ಎಲ್ಲಾ ಕಳೆದುಹೋಯಿತು. ಈಗಿನ ಮಕ್ಕಳಿಗೆ ಆ ಭಾಗ್ಯವಿಲ್ಲ." ಅದಕ್ಕೆ ಸಾಲು ಸಾಲು ಹೃದಯಗಳು, ಅಳುವ ಮುಖಗಳು. "ಎಂಥಾ ಕಾಲ ಅಣ್ಣಾ ಅದು," ಎಂದು ಸುಧತ್ತೆ.

ಆ ಗುಂಪಿನಲ್ಲಿ ನಾನು ಹುಟ್ಟುಹಬ್ಬದ ಶುಭಾಶಯ ಬಿಟ್ಟು ಬೇರೇನೂ ಬರೆದವಳಲ್ಲ. ಅವತ್ತು ಬರೆದೆ: "ಕಳೆದುಹೋಗಿದ್ದು ಬೀಗದ ಕೈ ಅಲ್ಲ ದೊಡ್ಡಪ್ಪ. ನೀವು ಆಳು ಕರೆಸಿ, ನಿಂತು, ಕಡಿಸಿದಿರಿ. ಒಳಗೆ ಮರಿಗಳಿದ್ದವು. ನಾನು ಬೇಡ ಅಂದಿದ್ದೆ."

ಎಲ್ಲರೂ ಓದಿದ್ದಾರೆಂದು ನೀಲಿ ಗುರುತು ಬಂತು. ಆಮೇಲೆ ಅಮ್ಮ ಫೋನ್ ಮಾಡಿ, "ಅಷ್ಟು ವಯಸ್ಸಾದೋರಿಗೆ ಹಾಗನ್ನಬಾರದಿತ್ತು, ತೆಗೆದುಹಾಕಿಬಿಡು," ಎಂದಳು.

ತೆಗೆದುಹಾಕಿಲ್ಲ.