ಖಾಲಿ ತಟ್ಟೆಯ ತೂಕ

ಆ ದಿನ ತಕ್ಕಡಿಯ ಅಂಕಿ ತಾನಾಗಿ ಏರಿತೋ, ಇಲ್ಲ ಏರಿತೆಂದು ಆಮೇಲೆ ನಾನೇ ಸೇರಿಸಿಕೊಂಡೆನೋ, ಇವತ್ತಿಗೂ ಖಾತ್ರಿಯಿಲ್ಲ. ಅಳತೆಯ ದೋಷಗಳ ಮೇಲೆಯೇ ಪಿಎಚ್‌ಡಿ ಮಾಡಿದವನು ನಾನು. ನನ್ನ ನೆನಪನ್ನು ಸಾಕ್ಷಿ ಎಂದು ಒಪ್ಪಲು ಕಷ್ಟ.

ಸ್ವೀಡನ್ನಿನ ಲುಲೆಯೊ ಊರಿಗೆ ಬಂದ ಮೇಲೆ ಬೇಟೆಯ ಪರೀಕ್ಷೆ ಪಾಸು ಮಾಡಿದ್ದು ನನ್ನ ಹೆಂಡತಿ. ಶೂಟಿಂಗ್ ಕ್ಲಬ್ಬಿನ ನೆಲಮಾಳಿಗೆಯಲ್ಲಿ ಕೂತು, ಅವಳು ಹಾರಿಸಿದ ಖಾಲಿ ತೋಟಾಗಳಿಗೆ ಮತ್ತೆ ಮದ್ದು, ಗುಂಡು ತುಂಬುವುದು ನನ್ನ ಪಾಲು. ಅಭ್ಯಾಸಕ್ಕೆ 140 ಗ್ರೇನ್, ಅಂದರೆ ಸುಮಾರು ಒಂಬತ್ತು ಗ್ರಾಂ, ತೂಕದ ಗುಂಡು; ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ 156ರದ್ದು. ಹಗುರ ಗುಂಡಿಗೆಂದು ಅಳೆದ ಮದ್ದಿನ ಮೇಲೆ ಭಾರದ್ದನ್ನು ಕೂರಿಸಿದರೆ ಬಂದೂಕಿನೊಳಗಿನ ಒತ್ತಡ ಮಿತಿಮೀರಬಹುದು. ಗುಂಡುಗಳನ್ನು ಜೋಡಿಸುವ ತೂತಿನ ಹಲಗೆಯಲ್ಲಿ ನಿಲ್ಲಿಸಿಟ್ಟರೆ ಎರಡರ ತುದಿಯೂ ಒಂದೇ ಥರ ಕಾಣುತ್ತದೆ.

ತಕ್ಕಡಿಯ ಆ ದಿನದ ಮಾರನೆಗೆ ಅವಳಿಗೆ ಅಭ್ಯಾಸವಿತ್ತು. ಒಂದೊಂದು ಗುಂಡನ್ನೂ ತೂಗಿದ್ಯಾ ಎಂದು ಆ ಬೆಳಿಗ್ಗೆ ಫೋನಿನಲ್ಲಿ ಕೇಳಿದಳು. ತೂಕ ಡಬ್ಬಿಯ ಮೇಲೇ ಇದೆಯಲ್ಲ ಎಂದೆ.

"ನನ್ನ ಕೆನ್ನೆ ಪಕ್ಕ ಇರೋದು ಡಬ್ಬಿ ಅಲ್ಲ ಕಣೋ, ಬಂದೂಕು."

ನಕ್ಕು ಫೋನಿಟ್ಟೆ. ತೂಗುವ ಇರಾದೆ ಇರಲಿಲ್ಲ.

ಮಧ್ಯಾಹ್ನ ಕೋಣೆಯಲ್ಲಿ ನಾನೊಬ್ಬನೇ, ಬಾಗಿಲು ಮುಚ್ಚಿತ್ತು. ಮದ್ದು ಅಳೆದು ತೋಟಾಗಳಿಗೆ ಸುರಿದು ತಟ್ಟೆ ಖಾಲಿ ಮಾಡಿದ್ದೆ, ಗುಂಡು ಕೂರಿಸುವುದಷ್ಟೇ ಬಾಕಿ. ಅಂಕಿ ಸೊನ್ನೆಗೆ ಬಂತು. ಆಮೇಲೆ ಏರಿತು, ಇಳಿಯಿತು, ಮತ್ತೆ ಏರಿತು. ಆ ತಕ್ಕಡಿ ಅಷ್ಟು ಸೂಕ್ಷ್ಮ, ಹತ್ತಿರ ಬಾಗಿ ಉಸಿರು ಬಿಟ್ಟರೂ ಅಲುಗುತ್ತದೆ. ನಾನು ಹಿಂದೆ ಸರಿದು ಉಸಿರು ಬಿಗಿಹಿಡಿದೆ. ಅಂಕಿ ಅದೇ ಲಯದಲ್ಲಿ ಏರಿಳಿಯುತ್ತಲೇ ಇತ್ತು, ಮೇಜಿನ ಆಚೆ ಬದಿಯಿಂದ ಯಾರೋ ತಟ್ಟೆಯ ಮೇಲೆ ಬಾಗಿದ್ದಾರೆ ಅನ್ನುವಂತೆ.

ತಕ್ಕಡಿ ಕೆಟ್ಟಿದೆಯೇ ನೋಡೋಣ ಎಂದು ಹಲಗೆಯಿಂದ ಕೈಗೆ ಸಿಕ್ಕ ಗುಂಡೊಂದನ್ನು ಎತ್ತಿಟ್ಟೆ. ಅಂಕಿ ನಿಂತಿತು: 156.

ಉಳಿದದ್ದನ್ನೆಲ್ಲ ತೂಗಿದೆ. ಎಲ್ಲವೂ 140. ಹಿಂದಿನ ವಾರ ಹಲಗೆ ಖಾಲಿ ಮಾಡುವಾಗ ಭಾರದ್ದೊಂದು ಉಳಿದುಬಿಟ್ಟಿರಬೇಕು.

ಮನೆಯಲ್ಲಿ ಹೇಳಿದಾಗ ಅವಳು, ಆ ಕೋಣೆಯ ಮೇಲ್ಚಾವಣಿಯಲ್ಲಿ ಗಾಳಿ ಎಳೆಯುವ ಫ್ಯಾನ್ ಇದೆಯಲ್ಲ, ಅದರದ್ದೇ ಕೆಲಸ ಎಂದಳು. ಆ ಉತ್ತರ ನನಗೆ ಎಷ್ಟು ಹಿಡಿಸಿತೆಂದರೆ, ಫ್ಯಾನಿನ ಸದ್ದು ಕೇಳಿದ ಹಾಗೂ ನೆನಪಾಗತೊಡಗಿತು.

ವಾರದ ನಂತರ ಇಲ್ಲಿ ಫಿಕಾ ಎನ್ನುವ ಕಾಫಿ ವಿರಾಮದ ಹೊತ್ತಿನಲ್ಲಿ ಕ್ಲಬ್ಬಿನ ಉಸ್ತುವಾರಿಯವರನ್ನು ಆ ಫ್ಯಾನಿನ ಬಗ್ಗೆ ಕೇಳಿದೆ. ಕಾಫಿ ಕೆಳಗಿಟ್ಟು ನನ್ನನ್ನು ಮೂಲೆಯ ಕಪಾಟಿಗೆ ಕರೆದೊಯ್ದು ತೋರಿಸಿದರು. ಫ್ಯಾನಿನ ಮೋಟಾರು ಅಲ್ಲಿತ್ತು. ನಾನು ತೂಗಿದ ದಿನ ಬೆಳಿಗ್ಗೆಯೇ ಅವರು ಅದನ್ನು ಬಿಚ್ಚಿಟ್ಟಿದ್ದರು.