ಮೌನಪ್ಪನ ಗಟ್ಟಿ ಶಾಕಪ್

ಹೆಸರು ಮೌನಪ್ಪ. ಆದರೆ ಬಾಯಿ ಸುಮ್ಮನಿದ್ದರೆ ಕಾಲು ಸುಮ್ಮನಿರದ ಮನುಷ್ಯ. ಊಟಕ್ಕೆ ಕೂತರೂ ಮೊಣಕಾಲು ಅಲುಗುತ್ತಲೇ ಇರುತ್ತದೆ. ಹೆಂಡತಿ ಶಿವದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಇಂಜಿನ್ ಬಂದ್ ಮಾಡ್ರಿ, ಗಂಗಾಳ ನಡಗಾಕತ್ತೈತಿ" ಅನ್ನುತ್ತಾಳೆ.

ಆಳಂದದಿಂದ ಬಂದು ಮೆಹದಿಪಟ್ಟಣಂನಲ್ಲಿ ನೆಲೆಸಿ ಹನ್ನೊಂದು ವರ್ಷ. ಅವರಿವರ ಕ್ಯಾಬು, ಶಾಲೆಯ ಬಸ್ಸು ಎಲ್ಲ ಓಡಿಸಿ, ಈಗ ಎರಡು ವರ್ಷದಿಂದ ತನ್ನದೇ ಒಂದು ಕ್ಯಾರವಾನ್. ಹಳೆಯ ಟೆಂಪೊದೊಳಗೆ ಹಾಸಿಗೆ, ಒಲೆ, ನೀರಿನ ಟಾಕಿ. ಓಣಿಯವರು ಅದನ್ನು ಮನಿಗಾಡಿ ಅನ್ನುತ್ತಾರೆ.

ಆ ವಾರ ಅವನ ಚಡಪಡಿಕೆ ಇಮ್ಮಡಿಯಾಗಿತ್ತು. ಕಾರಣ ಗಚ್ಚಿಬೌಲಿಯ ಪಾರ್ವತಿಬಾಯಿ, ನಿವೃತ್ತ ಕನ್ನಡ ಶಿಕ್ಷಕಿ. ಬೆನ್ನಿನ ಆಪರೇಷನ್ ಆಗಿತ್ತು. ಮಲಗಿಕೊಂಡು ಹೋಗಬಹುದು, ಕೂತು ಹೋಗುವಂತಿಲ್ಲ ಎಂದಿದ್ದರು ಡಾಕ್ಟರು. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಕಲಬುರಗಿಯಲ್ಲಿ ಮರಿಮಗಳನ್ನು ತೊಟ್ಟಿಲಿಗೆ ಹಾಕುವ ಮುಹೂರ್ತ. ಮಗ ಆಂಬುಲೆನ್ಸ್ ತರುತ್ತೇನೆ ಅಂದರೆ ಮುದುಕಿ ಸುತರಾಂ ಒಪ್ಪಲಿಲ್ಲ. "ಬಾಯಿ ಬಡಕೋತ ಹೋಗೂ ಗಾಡಿ ನನಗ ಬ್ಯಾಡ. ನಾ ತೊಟ್ಟಿಲಕ್ಕ ಹೊಂಟೀನಿ, ದವಾಖಾನಿಗಲ್ಲ."

ಸೋಮವಾರ ಅವರು ಮನಿಗಾಡಿಯಲ್ಲಿ ಮಲಗಿ, ಪಟ್ಟಿ ಬಿಗಿಸಿಕೊಂಡು, ತಮ್ಮ ಕಾಲೊನಿಯನ್ನು ಒಂದು ಸುತ್ತು ಹಾಕಿಸಿದರು. ಇಳಿದು ತೀರ್ಪು ಕೊಟ್ಟರು: "ಮೌನಪ್ಪ, ಇದು ತೆಪ್ಪ ಇದ್ದಂಗ ಐತಿ. ತಿರುವಿನ್ಯಾಗ ನಾ ಒಂದ್ ಕಡಿ, ನನ್ನ ಹೊಟ್ಟಿ ಒಂದ್ ಕಡಿ. ಗುರುವಾರ ಸಂಜೀಕ ಮತ್ತ ಮಲಗಿ ನೋಡ್ತೀನಿ. ಸರಿ ಆದ್ರ ಬರ್ತೀನಿ, ಇಲ್ಲಂದ್ರ ತೊಟ್ಟಿಲ ಫೋನಿನ್ಯಾಗ ನೋಡೂದು."

ಕೊನೆಯ ಮಾತು ಹೇಳುವಾಗ ಅವರ ದನಿ ಸಣ್ಣದಾಯಿತು. ಅದೇ ಮೌನಪ್ಪನ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಅಲ್ಲಿಂದ ಸೀದಾ ಮೆಕ್ಯಾನಿಕ್ ಅಮರೇಶಪ್ಪನ ಶೆಡ್ಡಿಗೆ. ಗಾಲಿಯ ಪಕ್ಕದಲ್ಲಿದ್ದು ಸ್ಪ್ರಿಂಗಿನ ಕುಣಿತ ಅಡಗಿಸುವ ಎಣ್ಣೆಯ ಕೊಳವೆಗಳು ನಾಲ್ಕೂ ಸೋರಿ ಸತ್ತಿದ್ದವು. "ಅಮರೇಶಣ್ಣ, ಈ ಶಾಕಪ್ ಎಲ್ಲ ಕಿತ್ತು ಒಗಿ. ಗಟ್ಟಿವು ಹಾಕು, ಭಾಳ ಗಟ್ಟಿವು."

ಅಮರೇಶಪ್ಪ ಹಾಕಿದ. ಬುಧವಾರ ಮೌನಪ್ಪ ಓಡಿಸಿ ನೋಡಿದರೆ ಗಾಡಿ ತಿರುವಿನಲ್ಲಿ ಒಂದಿಷ್ಟೂ ಓಲಲಿಲ್ಲ. ಹಿಗ್ಗಿ ಮನೆಗೆ ಬಂದ. ಆದರೆ ಓಣಿಯ ಸ್ಪೀಡ್ ಬ್ರೇಕರ್ ದಾಟುವಾಗ ಹಿಂದಿನ ಕಪಾಟಿನಿಂದ ಲೋಟಗಳು ಧಡಧಡ ಉದುರಿದ್ದವು. ಅವನ್ನು ಎತ್ತಿಡುತ್ತ ಶಿವದೇವಿ ಕೇಳಿದಳು:

"ಈ ಹಾಸಿಗಿ ಮ್ಯಾಲ ನೀವು ಒಂದಿನಾರ ಮಲಗೀರೇನ್ರಿ?"

"ನಾ ಮಲಗಿದ್ರ ಗಾಡಿ ನಿಮ್ಮಪ್ಪ ಹೊಡೀತಾನೇನು?"

"ನಮ್ಮಪ್ಪ ಎತ್ತಿನ ಗಾಡಿ ಇದಕ್ಕಿಂತ ಮೆತ್ತಗ ಹೊಡೀತಿದ್ದ. ಕೂಸಿಗಿ ಎರಿಯೂ ನೀರು ನಾ ಮೊದ್ಲ ನನ್ನ ಮೊಣಕೈ ಮ್ಯಾಲ ಹಾಕ್ಕೊಂಡು ನೋಡ್ತೀನಿ. ನೀವು ಕೊಡ ಮುಟ್ಟಿ ನೋಡಿ ಬಂದೀರಿ."

ರಾತ್ರಿಯೆಲ್ಲ ಆ ಮಾತು ಕೊರೆಯಿತು. ಎರಡು ವರ್ಷದಲ್ಲಿ ಸ್ಟೇರಿಂಗಿನ ಹಿಂದೆ ಬಿಟ್ಟರೆ ತನ್ನ ಗಾಡಿಯಲ್ಲಿ ಅವನು ಬೇರೆಲ್ಲೂ ಕೂತಿರಲಿಲ್ಲ.

ಗುರುವಾರ ಬೆಳಿಗ್ಗೆ ಅಮರೇಶಪ್ಪನ ಕೈಗೆ ಕೀಲಿ ಕೊಟ್ಟು ತಾನು ಹಿಂದೆ ಮಲಗಿದ. ಮೆಹದಿಪಟ್ಟಣಂ ಫ್ಲೈಓವರ್ ಹತ್ತಿದ್ದೇ ತಡ, ಸೇತುವೆಯ ಒಂದೊಂದು ಜೋಡಣೆಯೂ ಬೆನ್ನಿಗೆ ಗುದ್ದಿತು. "ನಿಂದ್ರಿಸು ಮಾರಾಯ!" ಎಂದು ಕೂಗಿದರೂ ಸೇತುವೆ ಇಳಿಯುವ ತನಕ ನಿಲ್ಲಿಸುವಂತಿರಲಿಲ್ಲ.

"ನೀನ ಅಂದೀಯಲ್ಲ, ಗಟ್ಟಿವು ಹಾಕು ಅಂತ?" ಅಂದ ಅಮರೇಶಪ್ಪ.

"ಗಟ್ಟಿ ಅಂದ್ರ ಬಾಳಿಕಿ ಬರೂವು ಅಂತ ಅಂದೆ. ಬೀಸೂ ಕಲ್ಲು ತಂದ್ ಹಾಕು ಅಂದೆನೇನು?"

"ನಮ್ಮ ಶೆಡ್ಡಿನ್ಯಾಗ ಗಟ್ಟಿ ಅಂದ್ರ ಬಿಗಿ. ಲಾರಿಯವ್ರು ಹಂಗ ಕೇಳ್ತಾರ, ನಾ ಪೂರ್ತಿ ಬಿಗಿ ಮಾಡೀನಿ. ಲಾರಿ ಮ್ಯಾಲ ಸಿಮೆಂಟ್ ಇರ್ತೈತಿ, ಅದು ಅಳಂಗಿಲ್ಲ."

ಪುಣ್ಯಕ್ಕೆ ಇವು ಗುಬುಟನ್ನು ಮೆಟ್ಟಿಲು ಮೆಟ್ಟಿಲಾಗಿ ತಿರುವಿ ಬಿಗಿ ಸಡಿಲ ಮಾಡುವ ಶಾಕಪ್. ಖಾಲಿ ಗಾಡಿ ಹೆಚ್ಚು ಜಿಗಿಯುತ್ತದೆಂದು ಮೊದಲು ಟಾಕಿಗೆ ನೀರು ತುಂಬಿದರು. ಹಿಂದಿನವೆರಡನ್ನು ನಾಲ್ಕು ಮೆಟ್ಟಿಲು ಸಡಿಲ ಮಾಡಿದರೆ ಗುದ್ದು ಹೋಗಿ ಮತ್ತೆ ತೆಪ್ಪ ಬಂತು. ಒಂದು ಮೆಟ್ಟಿಲು ಏರಿಸಿದರು. ಮತ್ತೆ ಸೇತುವೆ. ಹೀಗೆ ಐದು ಸಲ. ಮೌನಪ್ಪ ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಕೈಯಿಟ್ಟು ಕದಲದೆ ಮಲಗಿದ್ದ. ಐದನೆಯ ಸಲ ಇಳಿದ ಮೇಲೆ "ಇದು ಇರಲಿ" ಅಂದ.

ಸಂಜೆ ಪಾರ್ವತಿಬಾಯಿ ಅದೇ ಹಾಸಿಗೆಯಲ್ಲಿ ಅದೇ ಸುತ್ತು ಹಾಕಿದರು. ಗಾಡಿ ನಿಂತ ಮೇಲೆ ನಿಧಾನಕ್ಕೆ ಪಟ್ಟಿ ಬಿಚ್ಚಿಕೊಂಡರು. ಮೌನಪ್ಪನ ಮೊಣಕಾಲು ಕುಣಿಯತೊಡಗಿತು. ಕೊನೆಗೆ, "ಮುಂಜಾನಿ ಎಷ್ಟಕ್ಕ ಬಿಡೋಣು?" ಎಂದರು.

ಶುಕ್ರವಾರ ಆರಕ್ಕೆ ಹೊರಟರು. ಮಗ ತಾಯಿಯ ಪಕ್ಕದಲ್ಲಿ ಕೂತಿದ್ದ. ಪಟಾನ್‌ಚೆರುವಿನಲ್ಲಿ ಮೌನಪ್ಪ ನಿಲ್ಲಿಸಿ ಕೇಳಿದ, "ಬಾಯಾರ, ನೋವೈತೇನ್ರಿ?" ಸಂಗಾರೆಡ್ಡಿಯಲ್ಲಿ ಮತ್ತೆ. ಸದಾಶಿವಪೇಟೆಯಲ್ಲಿ ಮೂರನೆಯ ಸಲ ಕೇಳಿದಾಗ ಮುದುಕಿಗೆ ತಾಳ್ಮೆ ಕೆಟ್ಟಿತು.

"ನಾಕ್ ಶಾಕಪ್ ಗಾಡಿಗಿ ಹಾಕಿಸೀದಿ, ಐದನೇದು ನಿನಗ ಹಾಕಿಸಬೇಕಾಗಿತ್ತು ನೋಡು!"

ಜಹೀರಾಬಾದ್ ದಾಟಿದ ಮೇಲೆ, ಲಾರಿಯೊಂದು ಅಡ್ಡ ಬಂದು, ಗಾಲಿ ತಗ್ಗಿಗೆ ಇಳಿದೇಬಿಟ್ಟಿತು. ಹಿಂದಿನಿಂದ "ಅಯ್ಯಯ್ಯ" ಎಂಬ ನರಳಿಕೆ. ಮೌನಪ್ಪನ ಕಾಲು ಬ್ರೇಕಿಗೆ ಹೋಯಿತು.

"ನಿಂದ್ರಬ್ಯಾಡ, ಹೊಡಿ!" ಪಾರ್ವತಿಬಾಯಿ ಮಲಗಿದಲ್ಲಿಂದಲೇ ಗದರಿದರು. "ನೋವು ನಂದು, ಹೊತ್ತು ಕೂಸಿಂದು."

ಅವನು ಬ್ರೇಕಿನಿಂದ ಕಾಲು ತೆಗೆದ. ಕೇಳಬೇಕೆಂದು ನಾಲಿಗೆ ತುರಿಸಿದರೂ ಮತ್ತೆ ಕೇಳಲಿಲ್ಲ. ಹನ್ನೊಂದೂವರೆಗೆ ಕಲಬುರಗಿಯ ಮನೆ ಮುಂದೆ ಗಾಡಿ ನಿಂತಿತು. ಮೌನಪ್ಪ ಹಾರಿ ಇಳಿದು ಮನೆಯೊಳಗೆ ಇಣುಕಿದ. ಹೂವು ಸುತ್ತಿದ ತೊಟ್ಟಿಲು ಇನ್ನೂ ಖಾಲಿ ಇತ್ತು.